ನೀರಿನ ಮೇಲೆ ಒಂದು ಗೇಣು

ಕುಯ್ಯುವಾಗ ನೀರಿನ ಮೇಲೆ ಒಂದು ಗೇಣು ಬಿಡು
ಎಂದಿದ್ದಳು ಅಮ್ಮ. ಯಾಕೆಂದು ಹೇಳಲಿಲ್ಲ.
ದಾಲ್ವಿನಾ ಅಂದರೆ ದಾಲ್ವಿನಾ,
ಕಾರಣ ಕೇಳಿದವರಿಗೆ ಕುಡುಗೋಲಿನ ಹಿಡಿ ತೋರಿಸುವವಳು.
ನಲವತ್ತು ವರ್ಷ ಗೇಣು ಬಿಟ್ಟೇ ಕುಯ್ದೆ ಈ ಜೊಂಡು,
ಚಾಪೆಗೆ, ಬುಟ್ಟಿಗೆ, ಒಮ್ಮೆ ಪಾದ್ರಿಯ ಕುರ್ಚಿಗೆ.

ಈಗ ನೀನು ಬಂದಿದ್ದೀಯ, ಲಿಜಿಯಾ, ರಿಯೊದಿಂದ,
ಎದೆಮಟ್ಟದ ರಬ್ಬರ್ ಬಟ್ಟೆ,
ಕವುಚಿಟ್ಟ ಕೊಡದಂಥ ಪಾರದರ್ಶಕ ಡಬ್ಬಿ,
ಇಪ್ಪತ್ತು ಸಿರಿಂಜು.
ಕಾಯಿಲೆ ಯಾರಿಗೆ? ಕೇಳಿದ ನನ್ನ ತಮ್ಮ ಒತಾಸಿಲಿಯೊ.
ಕೆಸರಿಗೆ, ಎಂದೆ ನೀನು. ನಗಲಿಲ್ಲ.

ಕಾಫಿ ಬಣ್ಣದ ಈ ನೀರಿನ ತಳದಲ್ಲಿ
ಹೋದ ವರ್ಷದ ಜೊಂಡು ಕೊಳೆಯುತ್ತದಂತೆ,
ಗಾಳಿಯೇ ಬೇಡದ ಜೀವಿಗಳು ಅದನ್ನುಂಡು
ಮೀಥೇನ್ ತೇಗುತ್ತವಂತೆ.
ತೇಗಿಗೆ ದಾರಿ ಬೇಕು. ಜೊಂಡೇ ದಾರಿ.
ಒಂದು ಕಾಂಡ ಸೀಳಿ ತೋರಿಸಿದೆ ನೀನು:
ಜೇನುಹುಟ್ಟಿನ ಹಾಗೆ ಕೋಣೆ ಕೋಣೆ, ಎಲ್ಲ ಖಾಲಿ.
ಆ ಖಾಲಿ ನನಗೆ ಹೊಸದಲ್ಲ, ಮಗಳೇ.
ಅದರಿಂದಲೇ ನನ್ನ ಚಾಪೆ ಹಗುರ, ಮಲಗಿದ ಬೆನ್ನಿಗೆ ತಂಪು.
ಆದರೆ ಆ ಖಾಲಿಗೂ ಒಂದು ಕೆಲಸವಿದೆಯೆಂದು
ನಾನು ಅಂದುಕೊಂಡಿರಲಿಲ್ಲ.

ಅದೇ ಕೊಳವೆಯಲ್ಲಿ ಮೇಲಿನ ಗಾಳಿ ಕೆಳಗಿಳಿಯುತ್ತದೆ,
ಕೆಳಗಿನದು ಮೇಲೇರುತ್ತದೆ, ಎದುರುಬದುರು,
ಕಿರುಸೇತುವೆಯ ಮೇಲೆ ಎರಡು ಕತ್ತೆಗಾಡಿ.
ನೀನು ಕಿತ್ತ ಬೇರಿಗೆ ಮೆತ್ತಿದ ಕೆಸರು
ಕಪ್ಪಲ್ಲ, ತುಕ್ಕಿನ ಕೆಂಪು:
ಗಾಳಿ ತಲುಪಿದ್ದಕ್ಕೆ ಗುರುತು ಎಂದೆ.
ಅಲ್ಲಿ ಇನ್ನೊಂದು ಕುಲ ಕೂತು
ಮೀಥೇನನ್ನೇ ಉಣ್ಣುತ್ತದೆಯಂತೆ,
ಬೇಯಿಸಿದವರ ಮನೆಯ ಹಿತ್ತಲಲ್ಲೇ.

ಮೊದಲ ವಾರದ ಲೆಕ್ಕ ಬಂತು.
ನಾನು ಕುಯ್ದ ಕಡೆ, ಗೇಣುದ್ದದ ಮೋಟುಗಳ ಮೇಲೆ
ಡಬ್ಬಿ ಬೇಗ ತುಂಬಿತ್ತು.
ಚಿಮಣಿಗಳು, ಎಂದು ಬಾಯಿ ತಪ್ಪಿ ಹೇಳಿ
ನಾಲಿಗೆ ಕಚ್ಚಿಕೊಂಡೆ ನೀನು.
ಆ ರಾತ್ರಿ ನಾನು ನೆಯ್ದ ಚಾಪೆಯ ಮೇಲೆ ನನಗೇ ನಿದ್ದೆಯಿಲ್ಲ.
ಕಿಟಕಿಯಲ್ಲಿ ಮಕಾಯೆ ಕಡೆಯ ಗ್ಯಾಸ್ ಸ್ಥಾವರದ ಬೆಂಕಿ,
ಹಗಲೂ ರಾತ್ರಿ ಉರಿಯುವ ಕಿತ್ತಳೆ ನಾಲಿಗೆ.
ಅದರ ಮೇಲೆ ಯಾರು ಕವುಚಿದ್ದಾರೆ ಡಬ್ಬಿ?
ಬೆಳಿಗ್ಗೆ ಕೇಳಿದೆ. ನೀನು ಬೂಟಿನ ಕೆಸರು ತೊಳೆಯುತ್ತಲೇ ಇದ್ದೆ.

ಹಾಗಾದರೆ ನೀರೊಳಗೇ ಕುಯ್ದು ನೋಡೋಣ ಎಂದೆವು,
ಒಂದು ದೋಣಿಯಗಲ.
ಅಮ್ಮ ಇದ್ದಿದ್ದರೆ ನನ್ನ ಕೈ ಮುರಿಯುತ್ತಿದ್ದಳು.
ಮೊದಲು ಡಬ್ಬಿ ಮೌನ. ನೀನು ಖುಷಿಯಲ್ಲಿ ಶಿಳ್ಳೆ ಹಾಕಿದೆ.
ಮೂರನೇ ವಾರ ಅಲ್ಲಿ ಚಿಗುರಿಲ್ಲ.
ಹುಟ್ಟು ತಾಗಿದಲ್ಲೆಲ್ಲ ಗುಳುಗುಳು ಗುಳ್ಳೆ,
ಉಸಿರು ಕಟ್ಟಿದ ಬೇರು ಬೆಂದ ಕೆಸುವಿನಂತೆ ಮೆತ್ತಗೆ.
ಒತಾಸಿಲಿಯೊ ಕಡ್ಡಿ ಗೀರಿ ಬಗ್ಗಿದ:
ನೀರಿನ ಮೇಲೆ ಒಂದು ನೀಲಿ ಹೂ
ಅರಳಿತು, ಇಲ್ಲವಾಯಿತು,
ಅವನ ಅರ್ಧ ಹುಬ್ಬಿನ ಜೊತೆಗೆ.

ಆಮೇಲೆ ನೈದಿಲೆಯ ಕಡೆ ಹೋದೆವು, ಅಲ್ಲಿ ಬೇರೆಯೇ ಲೆಕ್ಕ.
ನೀರೊಳಗಿನ ಹುಲ್ಲಿನ ಕಡೆ ಇನ್ನೊಂದು.
ಮೀನಿನವರು ಮರಳದಿಬ್ಬ ಕಡಿದು ಕಡಲನ್ನು ಒಳಗೆ ಬಿಟ್ಟ ದಿನ
ಉಪ್ಪು ಬಂದು ಎಲ್ಲ ಲೆಕ್ಕವನ್ನೂ ನೆಕ್ಕಿಹಾಕಿತು.
ನಿನ್ನ ಪುಸ್ತಕದಲ್ಲಿ ಅಂಕಿಗಳ ಪಕ್ಕ
‘ಗೊತ್ತಿಲ್ಲ’ ಎಂದು ಬರೆದದ್ದು ನಾನು ಕಂಡೆ.
ಓದಲು ತಡವಾಗಿ ಕಲಿತವಳು ನಾನು,
ಆ ಪದ ಬೇಗ ಗುರುತಾಗುತ್ತದೆ.

ಇವತ್ತು ಹೊರಡುವ ಮೊದಲು
ನನ್ನ ಅಂಗೈ ಮೋಟಿನ ಪಕ್ಕ ಹಿಡಿಸಿ ಅಳೆದೆ,
ಹೆಬ್ಬೆರಳಿಂದ ಕಿರುಬೆರಳಿಗೆ: ಹತ್ತೊಂಬತ್ತು ಸೆಂಟಿಮೀಟರು.
ಅಮ್ಮನ ಕೈ ಇದಕ್ಕಿಂತ ದೊಡ್ಡದಿತ್ತು, ಲಿಜಿಯಾ.
ಅದನ್ನೂ ಬರೆದುಕೋ.